ಇಶಿಕಾವಾ ಸಯುರಿ ಹಾಡುಗಳನ್ನ ಕರೋಕೆಲಿ ಹಾಡೋಕೆ ನಾನು ಕಲಿತಿದ್ದು ಹೀಗೆ

ಜಪಾನಲ್ಲಿರೋ ನಮ್ಮೋರು ಕರೋಕೆಗೆ ಹೋದ್ರೆ ಇಂಗ್ಲಿಷ್ ಪಾಪ್ ಇಲ್ಲಾ ಅನಿಮೆ ಹಾಡು ಹಾಡಿ ಬರ್ತಾರೆ, ಎಂಕಾ ಅನ್ನೋ ಜಪಾನಿನ ಹಳೇ ಶೈಲಿಯ ಭಾವುಕ ಹಾಡುಗಳ ಕಡೆ ಹೋಗೋರು ತುಂಬಾ ಕಮ್ಮಿ, ಅದು ವಯಸ್ಸಾದೋರ ಹಾಡು ಅನ್ನೋ ಭಾವನೆ ಇಲ್ಲಿನ ಹುಡುಗರಲ್ಲೂ ಇದೆ. ಆದ್ರೆ ಚಿಕ್ಕಂದಿನಲ್ಲಿ ಒಂದಿಷ್ಟು ಕರ್ನಾಟಕ ಸಂಗೀತ ಕಲಿತೋರಿಗೆ ಎಂಕಾದಷ್ಟು ಬೇಗ ಒಗ್ಗೋದು ಬೇರೆ ಯಾವುದೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಕವಾಸಾಕಿಲಿ ನಮ್ಮ ಮನೆ ಹತ್ರದ ಕೋಮಿನ್‌ಕಾನ್‌ನಲ್ಲಿ, ಅಂದ್ರೆ ಬಡಾವಣೆ ಸಮುದಾಯ ಭವನದಲ್ಲಿ, ಹಿರಿಯರ ಕರೋಕೆ ಬಳಗ ಒಂದಿದೆ, ಹೇಳಿಕೊಡೋಕೆ ಒಬ್ಬರು ಸೆನ್ಸೇ ಬರ್ತಾರೆ, ಪಕ್ಕದ ಮನೆ ಅಜ್ಜಿ ಕರ್ಕೊಂಡು ಹೋದ್ರು ಅಂತ ಸೇರ್ಕೊಂಡೆ. ಅಲ್ಲಿ ಎಲ್ಲರಿಗೂ ಬೇಕಾದ ಹಾಡು ಎಂಕಾ ಗಾಯಕಿ ಇಶಿಕಾವಾ ಸಯುರಿದು. ಕುಮಾಮೊತೋದಲ್ಲಿ ಹುಟ್ಟಿ 1973ರಲ್ಲಿ ಹದಿನೈದನೇ ವಯಸ್ಸಿಗೇ ಹಾಡೋಕೆ ಬಂದೋರು, 1977ರ 'ತ್ಸುಗರು ಕೈಕ್ಯೋ ಫುಯುಗೆಶಿಕಿ' (ತ್ಸುಗರು ಜಲಸಂಧಿಯ ಚಳಿಗಾಲದ ನೋಟ) ಹಾಡಿಂದ ಮನೆಮಾತಾದ್ರು, ಅದೇ ವರ್ಷ ಡಿಸೆಂಬರ್ 31ರ ಕೋಹಾಕು ಅನ್ನೋ ದೊಡ್ಡ ಟೀವಿ ಹಾಡಿನ ಕಾರ್ಯಕ್ರಮಕ್ಕೂ ಮೊದಲ ಸಲ ಬಂದ್ರು.

ನಾನೂ ಅದರಿಂದಲೇ ಶುರು ಮಾಡಿದೆ. ಅಕು ಯೂ ಬರೆದಿದ್ದು, ಮಿಕಿ ತಕಾಶಿ ಸಂಗೀತ. ಟೋಕಿಯೋದ ಉಎನೋದಲ್ಲಿ ಹೊರಟ ರಾತ್ರಿ ರೈಲು ಶುರುವಿನ ಎರಡೇ ಸಾಲಲ್ಲಿ ಹಿಮ ಬೀಳ್ತಿರೋ ಆಓಮೊರಿ ಸ್ಟೇಷನ್ ತಲುಪಿಬಿಡುತ್ತೆ, ಅಲ್ಲಿಂದ ಒಬ್ಬಳು ಹೆಂಗಸು ಹೊಕ್ಕೈದೋ ದ್ವೀಪಕ್ಕೆ ಹೋಗೋ ಹಡಗು ಹತ್ತುತ್ತಾಳೆ. ಆ ಹಡಗು ಸರ್ವೀಸು 1988ರಲ್ಲಿ ಸಮುದ್ರದಡಿಯ ಸೇಕಾನ್ ರೈಲು ಸುರಂಗ ಓಪನ್ ಆದ್ಮೇಲೆ ನಿಂತೇ ಹೋಯ್ತು, ಹಾಗಾಗಿ ಬಳಗದಲ್ಲಿ ಆ ದಾರೀಲಿ ನಿಜವಾಗ್ಲೂ ಓಡಾಡಿದ ಹಿರಿಯರು ಹಾಡಿದಾಗ ಅದರ ತೂಕವೇ ಬೇರೆ.

ನನಗೆ ಬೀಗ ತೆಗೆದಿದ್ದು ತಾಳ. ಇಡೀ ಮೊದಲ ಸಾಲು ತಿಶ್ರ ನಡೆ! ಉ-ಎ-ನೋ ಒಂದು ತಕಿಟ, ಮುಂದಿನ ಪದ ಇನ್ನೊಂದು ತಕಿಟ, ಹಾಗೇ ಮೂರು ಮೂರು ಅಕ್ಷರ ಕೂತ್ಕೊಂಡು ಹೋಗುತ್ತೆ. ಸ್ಕ್ರೀನ್ ಮೇಲೆ ಓಡೋ ಅಕ್ಷರ ನೋಡ್ಕೊಂಡು ಹಾಡೋ ಬದ್ಲು ತೊಡೆ ಮೇಲೆ ತಕಿಟ ಹಾಕ್ಕೊಂಡು ಪದ ಬಾಯಿಪಾಠ ಮಾಡಿದೆ, ಭಾಷೆ ಅರ್ಧಂಬರ್ಧ ಬಂದ್ರೂ ಲಯ ಎಲ್ಲೂ ತಪ್ಪಲ್ಲ. ಜಪಾನೀಸಲ್ಲಿ ಅರ್ಧ 'ನ್'ಗೂ ಪೂರ್ತಿ ಒಂದು ಮಾತ್ರೆಯಷ್ಟು ಕಾಲ ಕೊಡ್ಬೇಕು, ಇದು ನೆನಪಿಟ್ಕೊಳ್ಳಿ.

ಎಂಕಾದ ಎಷ್ಟೋ ಹಾಡು ಯೋನಾನುಕಿ ಅನ್ನೋ ಸ್ವರಶ್ರೇಣಿಲಿ ಇರುತ್ತೆ, ನಾಲ್ಕನೇ ಏಳನೇ ಸ್ವರ ಬಿಟ್ಟು ಐದೇ ಸ್ವರ. ಮೇಜರ್ ಬಗೆ ನಮ್ಮ ಮೋಹನದ ಸ್ವರಗಳೇ. ಮೈನರ್ ಬಗೆಗೆ ಶಿವರಂಜನಿ ತಗೊಂಡು ಚತುಶ್ರುತಿ ಧೈವತದ ಜಾಗದಲ್ಲಿ ಶುದ್ಧ ಧೈವತ ಇಟ್ಕೊಳ್ಳಿ, ಅಷ್ಟೇ. ಮನೇಲಿ ತಂಬೂರಿ ಆ್ಯಪ್ ಹಾಕ್ಕೊಂಡು ದಿನಾ ಇದನ್ನೇ ಸರಳೆ ಥರ ಹಾಡ್ತಿದ್ದೆ, ಆಮೇಲೆ ಯಾವ ಎಂಕಾ ಕೇಳಿದ್ರೂ ಮುಂದಿನ ಸ್ವರ ಎಲ್ಲಿಗೆ ಹೋಗುತ್ತೆ ಅನ್ನೋದು ಹೆಚ್ಚುಕಮ್ಮಿ ಗೊತ್ತಾಗೋಕೆ ಶುರುವಾಯ್ತು.

ಆದ್ರೆ ಗಮಕ ಅಲ್ಲಿಗೆ ತಗೊಂಡು ಹೋಗ್ಬಾರ್ದು. ಎಂಕಾದ ಕೊಬುಶಿ ಅಂದ್ರೆ ಹಾಡ್ತಿರೋವಾಗ ಗಂಟಲು ಒಂದ್ಸಲ ಚಕ್ಕಂತ ಹೊರಳೋದು, ನಮ್ಮ ಕಂಪಿತ ಗಮಕದ ಥರ ತೂಗಾಡಲ್ಲ. ನೀಟಾಗಿ ಸ್ವರ ಹಿಡಿದು, ಅಲುಗಾಡಿಸ್ದೆ ನಿಲ್ಸಿ, ಉಸಿರು ಮುಗಿಯೋಕೆ ಸ್ವಲ್ಪ ಮುಂಚೆ ಮಾತ್ರ ವೈಬ್ರಾಟೋ, ಅಂದ್ರೆ ದನಿಯ ಸಣ್ಣ ನಡುಕ, ಬಿಡ್ಬೇಕು. 'ಮೊದ್ಲೇ ಅಳಬೇಡಿ, ಕೇಳೋರು ಅಳೋ ತನಕ ತಡೀರಿ' ಅಂತಾರೆ ಸೆನ್ಸೇ. ಡ್ಯಾಮ್ (DAM) ಅನ್ನೋ ಕರೋಕೆ ಮಷೀನಲ್ಲಿ ಮಾರ್ಕ್ಸ್ ಕೊಡೋ ಮೋಡ್ ಹಾಕಿದ್ರೆ ಕೊಬುಶಿ, ವೈಬ್ರಾಟೋ ಎರಡನ್ನೂ ಬೇರೆಬೇರೆಯಾಗಿ ಎಣಿಸಿ ತೋರ್ಸುತ್ತೆ, ಅಭ್ಯಾಸಕ್ಕೆ ಚೆನ್ನಾಗಿದೆ, ಆದ್ರೆ ನಂಬರ್ ಹಿಂದೆ ಬಿದ್ರೆ ಸಿಕ್ಕಸಿಕ್ಕಲ್ಲಿ ಗಂಟಲು ಹೊರಳಿಸೋ ಚಟ ಅಂಟ್ಕೊಳ್ಳುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಪದದ ನಡುವೆ ಬರೋ 'ಗ'ವನ್ನ ಹಳೇ ಕ್ರಮದಲ್ಲಿ ಹಾಡೋರು ಮೂಗಿಂದ ಅಂತಾರೆ. ನಮ್ಮ ವರ್ಣಮಾಲೇಲಿ ಕ ಖ ಗ ಘ ಆದ್ಮೇಲೆ ಬರೋ ಙ ಇದ್ಯಲ್ಲ, ಅದೇ! ತ್ಸುಗರು ಅಲ್ಲ ತ್ಸುಙರು, ಅಮಾಗಿ ಅಲ್ಲ ಅಮಾಙಿ. ಸೆನ್ಸೇ ಇದನ್ನ ಬೇರೆಯೋರಿಗೆ ತಿದ್ದಿ ತಿದ್ದಿ ಹೇಳಿಕೊಡೋವಾಗ ನನ್ನ ಬಾಯಲ್ಲಿ ಒಂದೇ ಸಲಕ್ಕೆ ಬಂತು, ನನಗೆ ಆ ದಿನ ಆದ ಖುಷಿ ಅಷ್ಟಿಷ್ಟಲ್ಲ.

ಆ ಅಮಾಗಿ ಬರೋ ಸಯುರಿ ಹಾಡು 'ಅಮಾಗಿ ಗೋಎ' 1986ರದ್ದು, ಯೋಶಿಓಕಾ ಓಸಾಮು ಸಾಹಿತ್ಯ, ಗೆನ್ ತೆತ್ಸುಯಾ ಸಂಗೀತ. ಎಲ್ಲರೂ ಕರೋಕೆ ಹಾಡ್ತಿದ್ದ ಕಾಲದಲ್ಲಿ ಸಾಮಾನ್ಯರಿಗೆ ಹಾಡೋಕೆ ಕಷ್ಟ ಆಗೋ ಹಾಡು ಅಂತಲೇ ಬೇಕಂತ ಮಾಡಿದ್ದು, ಜನ ಅದನ್ನೇ ಕರೋಕೆಲಿ ಹಟ ಹಿಡಿದು ಹಾಡ್ತಾರೆ! ಇಜು ಪ್ರಾಂತ್ಯದ ಜೋರೆನ್ ಜಲಪಾತ, ಕಾಂತೆನ್ ಸೇತುವೆ, ಅಮಾಗಿ ಸುರಂಗ ಎಲ್ಲಾ ಅದರಲ್ಲಿ ಬರುತ್ತೆ. ಶುರುವಲ್ಲಿ ಮಾತಾಡಿದಂಗೆ ತಗ್ಗಲ್ಲೇ ಇರ್ಬೇಕು, ಅಲ್ಲೇ ದನಿ ಖರ್ಚು ಮಾಡಿದ್ರೆ ಕೊನೇಲಿ ಬೆಟ್ಟ ಹತ್ತೋಕೆ ಉಸಿರು ಉಳಿಯಲ್ಲ. ನಾನು ತಿಂಗಳುಗಟ್ಟಲೆ ಬರೀ ಮೊದಲ ಚರಣವನ್ನ ಮೈಕ್ ಇಲ್ದೆ ಪಿಸುಮಾತಲ್ಲಿ ಹಾಡಿದೆ, ಇವತ್ತಿಗೂ ಇದು ನನಗೆ ಎಲ್ಲಕ್ಕಿಂತ ಇಷ್ಟದ್ದು.

1977ರದ್ದೇ ಇನ್ನೊಂದು 'ನೋತೋ ಹಾಂತೋ', ಅಂದ್ರೆ ನೋತೋ ಪರ್ಯಾಯದ್ವೀಪ, ಇದೂ ಅಕು ಯೂ, ಮಿಕಿ ತಕಾಶಿ ಜೋಡಿದು. 2024ರ ಜನವರಿ 1ರಂದು ನೋತೋದಲ್ಲಿ ಭೂಕಂಪ ಆಯ್ತಲ್ಲ, ಆ ವರ್ಷದ ಕೊನೇ ದಿನ ಕೋಹಾಕುನಲ್ಲಿ ಸಯುರಿ ಇದನ್ನೇ ಹಾಡಿದ್ರು, ಅದಾದ್ಮೇಲೆ ನಮ್ಮ ಬಳಗದಲ್ಲೂ ಇದನ್ನ ಕೇಳೋರು ಜಾಸ್ತಿಯಾದ್ರು.

ಶ್ರುತಿ ವಿಷ್ಯ ಹೇಳ್ಬಿಡ್ತೀನಿ. ನನ್ನದು ಐದು ಮನೆ ಶ್ರುತಿ (G), ಹಾಗಾಗಿ ರಿಮೋಟಲ್ಲಿ ಕೀ ಎರಡು ಮೆಟ್ಟಿಲು ಕೆಳಗಿಳಿಸ್ತೀನಿ, ಅಮಾಗಿಗೆ ಮೂರು. ಗಂಡಸರು ಹಾಡೋದಾದ್ರೆ ಒಂದು ಸ್ಥಾಯಿ ಕೆಳಗೆ ಹಾಡಿ ಕೀ ಮೂರೋ ನಾಲ್ಕೋ ಮೇಲೇರಿಸಿ ನೋಡಿ. ಒರಿಜಿನಲ್ ಕೀಲೇ ಹಾಡ್ಬೇಕು ಅನ್ನೋ ಹಟ ಬೇಡ, ಬಳಗದ ಹಿರಿಯರೂ ಒಬ್ಬೊಬ್ರು ಒಂದೊಂದು ಕೀ ಡೈರಿಲಿ ಬರ್ಕೊಂಡೇ ಬರ್ತಾರೆ.