ಟೇಪು ಹಿಡಿದು ಓಣಿಗೆ ಇಳಿದ ಮೇಲೆ

ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯ ಒಂದು ಊರಿನಲ್ಲಿ ಇಪ್ಪತ್ತಾರು ವರ್ಷ ಬಿಲ್ ಕಲೆಕ್ಟರ್ ಆಗಿದ್ದೆ. ಸೇರಿದಾಗ ಅದು ಗ್ರಾಮ ಪಂಚಾಯಿತಿ, ನಿವೃತ್ತನಾಗುವಾಗ ಪಟ್ಟಣ ಪಂಚಾಯಿತಿ. ಕುರ್ಚಿ ಅದೇ, ಬೀರು ಅದೇ, ಕಾಯ್ದೆ ಮಾತ್ರ ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಇದ್ದ ಮನೆಗಳೆಲ್ಲ 1964ರ ಪುರಸಭೆಗಳ ಕಾಯ್ದೆಯ ಲೆಕ್ಕಕ್ಕೆ ಬಂದವು. ಜನರಿಗೆ ಗೊತ್ತಾಗಿದ್ದು ಒಂದೇ: ಕರ ಏರಿತು. ಯಾಕೆ ಏರಿತು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಈಗ ಆಸ್ತಿ ತೆರಿಗೆಯ ಕಾಯ್ದೆಗೆ ತಿದ್ದುಪಡಿ ಬರುತ್ತದಂತೆ ಎಂಬ ಸುದ್ದಿ ಎದ್ದಾಗಲೆಲ್ಲ ಓಣಿಯವರು ನನ್ನ ಕಟ್ಟೆಗೆ ಬಂದು ಕೂರುತ್ತಾರೆ. ‘ಎಷ್ಟ್ ಏರಸ್ತಾರ್ರೀ ಈ ಸಲ?’ ಎಂದೇ ಮಾತು ಶುರು. ಶೇಕಡಾವಾರು ದರದ ಮೇಲೆ ವಿಧಾನಸೌಧದಲ್ಲೂ ಇಲ್ಲಿಯೂ ಅಷ್ಟು ಜಗಳ ನಡೆಯುತ್ತದೆ. ನಾನು ಕಂಡಂತೆ ಊರಿನ ಖಜಾನೆ ತುಂಬುವುದು ದರದಿಂದ ಅಲ್ಲ. ರಿಜಿಸ್ಟರಿನ ಸಾಲು ಮತ್ತು ಓಣಿಯ ಮನೆ ಒಂದಕ್ಕೊಂದು ತಾಳೆಯಾದರೆ ತುಂಬುತ್ತದೆ.

ಮೊದಲು 2021ರ ಮಾತು. ಅಲ್ಲಿಯವರೆಗೆ ನಮ್ಮ ತೆರಿಗೆ ಹಳೇ ಮಾರ್ಗಸೂಚಿ ಬೆಲೆಯ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಬೆಲೆ) ಮೇಲೆ ನಿಂತಿತ್ತು, ಮೂರು ವರ್ಷಕ್ಕೊಮ್ಮೆ ಏರುತ್ತಿತ್ತು. ಆ ವರ್ಷದ ತಿದ್ದುಪಡಿ ಚಾಲ್ತಿ ಮಾರ್ಗಸೂಚಿ ಬೆಲೆಯನ್ನೇ ಹಿಡಿಯಿರಿ ಎಂದಿತು. ಇದರ ಹಿಂದೆ ದಿಲ್ಲಿಯ ಕೈಯೂ ಇತ್ತು: ಆಸ್ತಿ ತೆರಿಗೆಗೆ ಕನಿಷ್ಠ ದರ ಪ್ರಕಟಿಸಬೇಕು, ರಾಜ್ಯದ ಒಟ್ಟು ಉತ್ಪನ್ನ ಬೆಳೆದಂತೆ ವಸೂಲಿಯೂ ಬೆಳೆಯಬೇಕು, ಇಲ್ಲದಿದ್ದರೆ ನಗರ ಸಂಸ್ಥೆಗಳಿಗೆ ಅನುದಾನವಿಲ್ಲ ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. ಮಾರ್ಚ್ ಬಂತೆಂದರೆ ಮುಖ್ಯಾಧಿಕಾರಿಗಳು ದಿನಕ್ಕೆರಡು ಸಲ ‘ಇವತ್ತಿನ ಜಮಾ ಎಷ್ಟು’ ಎಂದು ಕೇಳುತ್ತಿದ್ದುದು ಇದೇ ಕಾರಣಕ್ಕೆ. 2023ರ ಅಕ್ಟೋಬರ್ 1ರಿಂದ ರಾಜ್ಯದ ಮಾರ್ಗಸೂಚಿ ಬೆಲೆ ಮತ್ತೆ ಏರಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆ ಏರಿದರೆ ನಮ್ಮ ಕೌಂಟರಿನಲ್ಲಿ ಬೈಗಳು ಏರುತ್ತವೆ.

ಹೊಸ ಲೆಕ್ಕ ಕಂಪ್ಯೂಟರಿಗೆ ಹೋದಾಗ ತಪ್ಪುಗಳೂ ಹೋದವು. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರು ನಾಲ್ಕು ವರ್ಷ ಕರ ಕಟ್ಟಿರಲಿಲ್ಲ. ಬಾಕಿದಾರರ ಪಟ್ಟಿಯಲ್ಲಿ ಅವರ ಹೆಸರು ಮೇಲೆಯೇ ಇತ್ತು. ನೋಟಿಸ್ ಕೊಡಲು ಹೋದರೆ ತಗೊಳ್ಳಲಿಲ್ಲ. ‘ತಮ್ಮಾ, ನಂದು ಅಂಗಡಿ ಅಲ್ಲೋ, ಮನಿ. ಒಳಗ ಬಂದು ನೋಡು’ ಅಂದರು. ಒಳಗೆ ಹೋದೆ. ಬೀದಿ ಕಡೆಗೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕಿರಾಣಿ ಅಂಗಡಿ. ಅದರ ಹಿಂದೆ ಪಡಸಾಲೆ, ಅಡುಗೆಮನೆ, ದನ ಕಟ್ಟುತ್ತಿದ್ದ ಜಾಗ. ಹಿಂದಿನ ಅರ್ಧ ಜಂತಿಯ ಮಣ್ಣಿನ ಮಾಳಿಗೆ. ನಮ್ಮ ದಾಖಲೆಯಲ್ಲಿ ಇಡೀ ನಿವೇಶನ ಆರ್‌ಸಿಸಿ, ಇಡೀ ನಿವೇಶನ ವಾಣಿಜ್ಯ. ಮನೆಗೊಂದು ದರ, ಅಂಗಡಿಗೊಂದು ದರ. ಆರ್‌ಸಿಸಿಗೆ ಒಂದು ಬೆಲೆ, ಮಾಳಿಗೆಗೆ ಇನ್ನೊಂದು. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯಬೇಕು. ಒಂದೂ ಆಗಿರಲಿಲ್ಲ.

ಮರುದಿನ ಟೇಪು ಹಿಡಿದು ಹೋದೆ. ಒಂದು ತುದಿ ಅವರ ಮೊಮ್ಮಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅಳೆದ ಪ್ರತಿ ಸಂಖ್ಯೆಯನ್ನೂ ಹಿರಿಯರಿಗೆ ತೋರಿಸಿ ಬರೆದೆ, ಕೆಳಗೆ ಅವರ ಸಹಿ ಹಾಕಿಸಿದೆ. ಕಚೇರಿಯಲ್ಲಿ ತಿದ್ದುಪಡಿಗೆ ಟಿಪ್ಪಣಿ ಮಂಡಿಸಿ, ಅದು ಮಂಜೂರಾಗುವವರೆಗೆ ಬೆನ್ನು ಹತ್ತಿದೆ. ತೆರಿಗೆ ಅರ್ಧಕ್ಕಿಂತ ಕೆಳಗೆ ಬಂತು. ಹೊಸ ಬಿಲ್ ಕೊಟ್ಟ ದಿನವೇ ಅವರು ನಾಲ್ಕು ವರ್ಷದ್ದನ್ನೂ ಒಟ್ಟಿಗೆ ಕಟ್ಟಿದರು. ಜುಲೈಯಿಂದ ತಿಂಗಳಿಗೆ ಶೇ 2ರಂತೆ ಬೆಳೆಯುವ ದಂಡವನ್ನೂ ಸೇರಿಸಿ ಕಟ್ಟಿದರು. ಅದು ನನ್ನನ್ನು ಚುಚ್ಚಿತು. ತಪ್ಪು ಲೆಕ್ಕ ನಮ್ಮದು, ದಂಡ ಅವರದು. ಕಚೇರಿಯ ತಪ್ಪಿನಿಂದ ಬಾಕಿಯಾದ ಮೊತ್ತಕ್ಕೆ ದಂಡ ಬೀಳದಂತೆ ಕಾಯ್ದೆಯಲ್ಲೇ ಒಂದು ಸಾಲು ಬರಬೇಕು ಎಂದು ಅಂದಿನಿಂದ ಹೇಳುತ್ತಲೇ ಇದ್ದೇನೆ.

ಆಮೇಲೆ ಆ ಇಡೀ ವಾರ್ಡನ್ನು ಹಾಗೇ ಅಳೆದೆ. ಸಂಜೆ ಐದರ ಮೇಲೆ ಹೋಗುತ್ತಿದ್ದೆ, ಹಗಲಲ್ಲಿ ಮಂದಿ ಗದ್ದೆಯಲ್ಲಿ ಇರುತ್ತಾರೆ. ಎಲ್ಲರದೂ ಇಳಿಯಲಿಲ್ಲ. ಮೇಲೆ ಒಂದು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟು, ದಾಖಲೆಯಲ್ಲಿ ಖಾಲಿ ನಿವೇಶನ ಎಂದೇ ಉಳಿಸಿಕೊಂಡವರೂ ಸಿಕ್ಕರು. ಅವರದು ಏರಿತು. ಆದರೆ ಪಕ್ಕದ ಮನೆಯದು ಸರಿಯಾಗಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದರಿಂದ ಅವರು ಹೆಚ್ಚು ತಕರಾರು ಎತ್ತಲಿಲ್ಲ.

ಓಣಿಯಲ್ಲಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ರಸೀದಿಯದು. ನೂರು ರೂಪಾಯಿ ತೆರಿಗೆಗೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಒಟ್ಟು 124. ‘ಈ ಇಪ್ಪತ್ನಾಕ್ರಾಗ ನಮ್ಮ ಗಟಾರಕ್ಕ ಎಷ್ಟ್ ಬರ್ತೈತ್ರೀ?’ ಎಂದು ಒಬ್ಬ ಹೆಣ್ಣುಮಗಳು ಕೇಳಿದರು. ನಿಜ ಹೇಳಿದೆ: ವಸೂಲಿ ಖರ್ಚಿಗೆಂದು ಸ್ವಲ್ಪ ಹಿಡಿದುಕೊಳ್ಳುತ್ತೇವೆ, ಉಳಿದದ್ದು ಆಯಾ ಇಲಾಖೆಗೆ ಹೋಗುತ್ತದೆ. ಗ್ರಂಥಾಲಯ ಬೇಕು, ನಿರಾಶ್ರಿತರಿಗೆ ಆಸರೆಯೂ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮನೆ ಬಾಗಿಲಿಗೆ ಹೋಗಿ ಬೈಸಿಕೊಂಡು ತಂದ ದುಡ್ಡಿನಲ್ಲಿ ಇನ್ನಷ್ಟು ಪಾಲು ಊರಿಗೇ ಉಳಿಯಬೇಕು. ದರ ಏರಿಸುವ ಮೊದಲು ಇದನ್ನು ತಿದ್ದಲಿ.

ಇನ್ನು ಖಾತೆಯ ಮಾತು. ನನ್ನ ಇಪ್ಪತ್ತಾರು ವರ್ಷದಲ್ಲಿ ಅತಿ ಕೆಟ್ಟದ್ದೆನಿಸಿದ ಕೆಲಸ ಬಾಕಿ ಕೇಳುವುದಲ್ಲ, ಕೊಡಲು ಬಂದವರನ್ನು ವಾಪಸ್ ಕಳಿಸುವುದು. ಊರ ಹೊರಗೆ ಎನ್‌ಎ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಹೊಲದಲ್ಲಿ 30 ಅಡಿಗೆ 40 ಅಡಿಯ ಸೈಟು ತಗೊಂಡು, ಮೇಲೆ ತಗಡು ಹಾಕಿಕೊಂಡು ಇರುವವರು ನೂರಾರು. ನಾಟಿ ಮತ್ತು ಕಳೆ ಕೂಲಿಗೆ ಹೋಗುವ ಒಬ್ಬ ತಾಯಿ ವರ್ಷವರ್ಷವೂ ರಿಜಿಸ್ಟ್ರಿ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ‘ಯಪ್ಪಾ, ಟ್ಯಾಕ್ಸ್ ತಗೊಂಡು ಒಂದು ಚೀಟಿ ಕೊಡು’ ಎನ್ನುತ್ತಿದ್ದರು. ಬಡಾವಣೆ ಅನಧಿಕೃತ, ಖಾತೆ ಇಲ್ಲ, ರಸೀದಿ ಕೊಡಲು ಬರುತ್ತಿರಲಿಲ್ಲ. ನಳ ಅಲ್ಲಿಗೂ ಹೋಗಿತ್ತು, ಬೀದಿದೀಪವೂ ಹೋಗಿತ್ತು, ಕಸದ ಗಾಡಿಯೂ ಹೋಗುತ್ತಿತ್ತು. ತೆರಿಗೆ ಮಾತ್ರ ಬರುವಂತಿರಲಿಲ್ಲ.

2025ರಲ್ಲಿ ಬಂದ ತಿದ್ದುಪಡಿ ಇಂಥ ಆಸ್ತಿಗಳಿಗೆ ಬಿ-ಖಾತಾ, ಅಂದರೆ ಅನಧಿಕೃತ ಆಸ್ತಿಗಳನ್ನು ತೆರಿಗೆಗೆಂದು ಬೇರೆಯಾಗಿ ಬರೆದುಕೊಳ್ಳುವ ಖಾತೆ, ಕೊಡಲು ದಾರಿ ಮಾಡಿತು. 2024ರ ಸೆಪ್ಟೆಂಬರ್ 10ಕ್ಕಿಂತ ಮುಂಚಿನ ನೋಂದಾಯಿತ ಪತ್ರ, ಋಣಭಾರ ಪ್ರಮಾಣಪತ್ರ, ಮಾಲೀಕರ ಮತ್ತು ಆಸ್ತಿಯ ಫೋಟೊ, ಗುರುತಿನ ಚೀಟಿ ಬೇಕಿತ್ತು. ಮೊದಲ ವರ್ಷ ದುಪ್ಪಟ್ಟು ತೆರಿಗೆ, ಆಮೇಲೆ ಎಲ್ಲರಂತೆ. ಆ ತಾಯಿಗೆ ನಾನೇ ಹೇಳಿ ಕಳಿಸಿದೆ. ಅವರು ಬಂದಾಗ ಎರಡು ವಿಷಯ ಬಿಡಿಸಿ ಹೇಳಿದೆ: ಮೊದಲ ವರ್ಷ ಇಮ್ಮಡಿ ಬೀಳುತ್ತದೆ, ಈ ಖಾತೆಯಿಂದ ಬಡಾವಣೆ ಸಕ್ರಮವಾಗುವುದಿಲ್ಲ. ಮಧ್ಯವರ್ತಿಗಳು ‘ಎಲ್ಲಾ ಪಕ್ಕಾ ಮಾಡಿಸಿ ಕೊಡ್ತೀವಿ’ ಎಂದು ಸಾವಿರಗಟ್ಟಲೆ ಕೇಳುತ್ತಿದ್ದ ಹೊತ್ತದು. ಅವರು ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದರು. ‘ಡಬಲ್ ಆದ್ರೂ ಆಗ್ಲಿ ಬಿಡಪ್ಪ, ಇನ್ನ ನಮ್ದೂ ಒಂದು ನಂಬರ್ ಆತಲ್ಲ’ ಅಂದರು.

ಅರ್ಜಿಗೆ ಮೊದಲು ಕೊಟ್ಟ ಗಡುವು ಮೂರೇ ತಿಂಗಳು. ಕಾಗದವನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರಿಗೆ ಸುದ್ದಿ ಮುಟ್ಟುವುದಕ್ಕೇ ಅಷ್ಟು ದಿನ ಬೇಕು.

ದಿನಾಂಕದ ಬಗ್ಗೆ ಇನ್ನೊಂದು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಪಗಾರದವರಿಗೆ ಅದು ಸರಿ. ನಮ್ಮ ಸೀಮೆಯಲ್ಲಿ ಬೇಸಿಗೆ ಭತ್ತ ಕೊಯ್ಲಾಗುವುದು ಏಪ್ರಿಲ್, ಮೇ ಹೊತ್ತಿಗೆ. ರೈಸ್‌ಮಿಲ್ಲಿನಿಂದ ದುಡ್ಡು ಕೈಗೆ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದ ವರ್ಷ ಆ ದುಡ್ಡೂ ಇಲ್ಲ. ರಿಯಾಯಿತಿಯ ತಿಂಗಳನ್ನು ಆಯಾ ಊರಿನ ಸಭೆಯೇ ತೀರ್ಮಾನಿಸಲಿ.

ನೌಕರಿಯಲ್ಲಿ ಇದ್ದಾಗ ಇದನ್ನೆಲ್ಲ ಬರೆದು ಕೊಡುವಂತಿರಲಿಲ್ಲ. ಈಗ ಅಡ್ಡಿಯಿಲ್ಲ. ಕರಡು ರಾಜ್ಯಪತ್ರದಲ್ಲಿ ಬಂದರೆ ಆಕ್ಷೇಪಣೆಗೆ ಕೊಟ್ಟ ದಿನ ಮುಗಿಯುವುದರೊಳಗೆ ಓಣಿಯವರ ಸಹಿ ಕೂಡಿಸಬೇಕು. ದಂಡ, ಕರದ ಪಾಲು, ರಿಯಾಯಿತಿಯ ತಿಂಗಳು, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಕಿರಾಣಿ ಅಂಗಡಿಯ ಹಿರಿಯರು ಮೊದಲ ಸಹಿ ತಮ್ಮದೇ ಇರಲಿ ಎಂದಿದ್ದಾರೆ.