ಮೂರು ಸಲ ಒಂದೇ ಜಾಗದಲ್ಲಿ ಸೀಳಿದ ಪೈಪು

ಹೋದ ಮಳೆಗಾಲದಲ್ಲಿ ಕಂಪ್ಲಿಯಿಂದ ಗಂಗಾವತಿಗೆ ವಾಪಸ್ ಬರುತ್ತಿದ್ದೆವು. ಮಳೆ ಜೋರಾಗಿತ್ತು. ಜೀಪಿನ ಕ್ಯಾನ್ವಾಸ್ ಹುಡ್ಡನ್ನು ಎಲ್ಲಾ ಕಡೆ ಇಳಿಸಿ ಕಟ್ಟಿದ್ದೆ. ಹಿಂದೆ ಕೂತಿದ್ದ ಮಗಳು "ಅಪ್ಪಾ, ತಲಿ ಬಾಳ ನೋಯಾಕತ್ತೈತಿ" ಅಂದಳು. ಹೊಳೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಹುಡ್ಡು ಎತ್ತಿದೆ. ತಣ್ಣನೆ ಗಾಳಿ ಬಂತು, ಸ್ವಲ್ಪ ಹೊತ್ತಿಗೆ ಅವಳು ಸರಿಹೋದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹೊಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಎಂಜಿನ್‌ನಿಂದ ಕೆಳಗೆ ಇಳಿಯುವ ಬೆಂಡ್ ಪೈಪು ಫ್ಲ್ಯಾಂಜಿನ (ನಟ್ಟು ಹಾಕಿ ಬಿಗಿಯುವ ದಪ್ಪ ಬಿಲ್ಲೆ) ಹತ್ತಿರ ಮತ್ತೆ ಸೀಳಿತ್ತು. ಎರಡು ವರ್ಷದಲ್ಲಿ ಅದು ಮೂರನೇ ಸಲ. ಜೊತೆಗೆ ಹಿಂದಿನ ಟೇಲ್ ಪೈಪು ತುಕ್ಕು ತಿಂದು ಬಾಡಿಯ ಒಳಗೇ ಮುರಿದು ನಿಂತಿತ್ತು. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಅಲ್ಲಿ ಬಿಟ್ಟ ಹೊಗೆ ಹಿಂದಿನ ಪರದೆಯ ಸಂದಿಯಿಂದ ಒಳಗೆ ಬರುತ್ತದೆ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಪೆಟ್ರೋಲಿಗಿಂತ ಕಡಿಮೆ, ನಿಜ. ಆದರೆ ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಹುಡ್ಡಿನಲ್ಲಿ ಮಗು ಕೂತಿರುವಾಗ ಕಡಿಮೆ ಅಂತ ಸಮಾಧಾನ ಮಾಡಿಕೊಳ್ಳಲು ಆಗುತ್ತದಾ?

ನನ್ನದು ಮಹೀಂದ್ರ ಎಂ.ಎಂ. 540. ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್, 2112 ಸಿ.ಸಿ. ಎಕ್ಸ್.ಡಿ.ಪಿ. 4.90 ಅಂತಾರೆ. ನಾಲ್ಕು ಸಿಲಿಂಡರ್, ಒಂದೊಂದರ ಬೋರ್ (ಒಳ ಅಗಲ) 90 ಮಿ.ಮೀ. ಅಂತ ಆ ಹೆಸರಿನ ಅರ್ಥ. ಟರ್ಬೊ ಇಲ್ಲ, ಸೆನ್ಸರ್ ಇಲ್ಲ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಹಾಗಾಗಿ ಹೊಗೆ ಪೈಪಿನ ಕೆಲಸವನ್ನು ನಾವೇ ಕೂತು ಮಾಡಬಹುದಾದ ಗಾಡಿ. ವಾರವಿಡೀ ಗದ್ದೆಗೆ ಬೀಜ, ಗೊಬ್ಬರ ಹೊರುತ್ತದೆ. ಭಾನುವಾರ ಆನೆಗೊಂದಿಯ ಬಂಡೆಗಳ ಕಡೆಗೋ ಹೇಮಗುಡ್ಡದ ಕಡೆಗೋ ಹೋಗುತ್ತದೆ.

ಪೈಪು ಏಕೆ ಪದೇ ಪದೇ ಒಂದೇ ಜಾಗದಲ್ಲಿ ಒಡೆಯುತ್ತದೆ? ಇದನ್ನು ಮೊದಲ ಎರಡು ಸಲ ನಾನು ಕೇಳಿಕೊಳ್ಳಲೇ ಇಲ್ಲ. ಸುಮ್ನೆ ವೆಲ್ಡಿಂಗ್ ಹೊಡೆಸಿಕೊಂಡು ಬಂದೆ. ಮೂರನೇ ಸಲ ಹಳೆ ಜೀಪುಗಳಲ್ಲೇ ಜೀವನ ಸವೆಸಿದ ಮಿಸ್ತ್ರಿ ಚಾಚಾ ಹತ್ತಿರ ಹೋದೆ. ಅವರು ಪೈಪು ಮುಟ್ಟಲೇ ಇಲ್ಲ. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ ಬಂದ್ ಮಾಡು ಅಂದರು. ಬಂದ್ ಆಗುವಾಗ ಎಂಜಿನ್ ಒಂದು ಹೆಬ್ಬೆರಳಿನಷ್ಟು ಪಕ್ಕಕ್ಕೆ ಒದರಿ ನಿಂತಿತು. ಆಮೇಲೆ ಕೆಳಗೆ ತೋರಿಸಿದರು. ಹಿಂದೆ ಯಾರೋ ವೆಲ್ಡರ್ ಸೈಲೆನ್ಸರ್‌ಗೆ ಕಬ್ಬಿಣದ ಪಟ್ಟಿ ಹಾಕಿ ಸೀದಾ ಚಾಸಿಗೆ (ಗಾಡಿಯ ಅಡಿಯ ಚೌಕಟ್ಟು) ವೆಲ್ಡ್ ಮಾಡಿಬಿಟ್ಟಿದ್ದರು. "ಪೈಪಿನ ತಪ್ಪಲ್ಲ ತಮ್ಮಾ. ಅದನ್ನ ಕಟ್ಟಿ ಹಾಕೀಯಲ್ಲ, ಅದು ತಪ್ಪು" ಅಂದರು ಚಾಚಾ.

ಎಂಜಿನ್ ರಬ್ಬರ್ ಮೇಲೆ ಕೂತು ಅಲುಗಾಡುತ್ತದೆ. ಚಾಸಿ ತನ್ನ ಪಾಡಿಗೆ ತಿರುಚುತ್ತದೆ. ಈ ಎರಡರ ನಡುವೆ ಪೈಪು ಬಿಗಿಯಾಗಿ ಸಿಕ್ಕಿಕೊಂಡರೆ ಎಲ್ಲಿ ಬಾಗುವುದು? ಫ್ಲ್ಯಾಂಜಿನ ಬುಡದಲ್ಲೇ, ವೆಲ್ಡಿಂಗ್ ಪಕ್ಕದಲ್ಲೇ. ಅಲ್ಲೇ ಸೀಳುತ್ತಿತ್ತು. ಎಂಜಿನ್ ಮೌಂಟಿಂಗ್ ರಬ್ಬರುಗಳೂ ಡೀಸೆಲ್ ಕುಡಿದು ಮೆತ್ತಗಾಗಿದ್ದವು. ಹಾಗಾಗಿ ಮೊದಲ ಕೆಲಸ ಹೊಸ ಮೌಂಟಿಂಗ್ ಹಾಕುವುದಾಯಿತು. ಹೊಗೆ ಪೈಪು ಬದಲಿಸುವ ಯಾರೇ ಆದರೂ ಇಲ್ಲಿಂದ ಶುರು ಮಾಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೌಂಟಿಂಗ್ ಕೂತುಹೋದ ಎಂಜಿನ್‌ಗೆ ಅಳತೆ ತೆಗೆದು ಪೈಪು ಮಾಡಿಸಿದರೆ, ನಾಳೆ ಮೌಂಟಿಂಗ್ ಬದಲಿಸಿದಾಗ ಆ ಅಳತೆಯೇ ಕೂಡುವುದಿಲ್ಲ.

ಕೆಲಸಕ್ಕೆ ಬೇಸಿಗೆ ಆರಿಸಿಕೊಂಡೆ. ನಾಲೆಗೆ ನೀರು ಬಿಡುವುದು ನಿಂತಿರುತ್ತದೆ, ಗದ್ದೆ ಕೆಲಸ ಇರುವುದಿಲ್ಲ. ಬೆಳಿಗ್ಗೆ ಐದೂವರೆಗೆ ಗಾಡಿ ಕೆಳಗೆ ಮಲಗಿದರೆ ಒಂಬತ್ತಕ್ಕೆ ಎದ್ದುಬಿಡಬೇಕು. ಆಮೇಲೆ ನಮ್ಮ ಬಿಸಿಲಿಗೆ ಪಾನಾ ಮುಟ್ಟಲು ಆಗುವುದಿಲ್ಲ.

ಹಳೆಯದನ್ನು ಬಿಚ್ಚುವುದೇ ಅರ್ಧ ಕೆಲಸ. ಜಂಗು ಹಿಡಿದ ನಟ್ಟುಗಳಿಗೆ ಮೂರು ದಿನ ಮೊದಲೇ ದಿನಕ್ಕೆರಡು ಸಲ ಜಂಗು ಬಿಡಿಸುವ ಎಣ್ಣೆ ಬಿಡುತ್ತಾ ಬಂದೆ. ಬಿಚ್ಚುವ ದಿನ ಎಂಜಿನ್ ಸ್ವಲ್ಪ ಬಿಸಿ ಮಾಡಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಜಂಗಿನ ಪದರ ಹಾಗೆ ಒಡೆಯುತ್ತದೆ. ಹನ್ನೆರಡು ಮೂಲೆಯ ರಿಂಗ್ ಪಾನಾ ಬೇಡ, ಆರು ಮೂಲೆಯ ಸಾಕೆಟ್ಟೇ ಹಾಕಿ. ಜಂಗಿಗೆ ಮೂಲೆ ಸವೆದ ನಟ್ಟನ್ನು ರಿಂಗ್ ಪಾನಾ ಪೂರ್ತಿ ದುಂಡಗೆ ಮಾಡಿಬಿಡುತ್ತದೆ. ಇಷ್ಟೆಲ್ಲಾ ಮಾಡಿದರೂ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿಯಿತು. ಉಳಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು, ಒಳಗಿನಿಂದ ವೆಲ್ಡ್ ತುಂಬಿಸಿದೆವು. ಆ ಬಿಸಿಗೆ ಸ್ಟಡ್ ಬಿಟ್ಟುಕೊಂಡಿತು. ಕೆಂಪಾರಿದ ಮೇಲೆ ನಿಧಾನಕ್ಕೆ ಹಿಂದೆ ಮುಂದೆ ತಿರುಗಿಸಿದರೆ ಬಂದುಬಿಡುತ್ತದೆ. ಡ್ರಿಲ್ ಹೊಡೆಯುವುದು ಕೊನೆಯ ದಾರಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿರಬೇಕು, ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡು ಸುಡುವ ಅಪಾಯ ಇದೆ.

ಬಿಚ್ಚಿದ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆ ಒಂದಾಗಿ ಪೈಪಿಗೆ ಸೇರುವ ಭಾಗ) ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುತ್ತಿತ್ತು. ಬಿಸಿಗೆ ಬಾಗಿತ್ತು. ಅದನ್ನು ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಿದೆ. ಬಾಗಿದ ಮುಖಕ್ಕೆ ಸಂದಿ ಮುಚ್ಚಲು ಎಂಥ ಒಳ್ಳೆ ಪ್ಯಾಕಿಂಗ್ ಹಾಕಿದರೂ ಮತ್ತೆ ಊದುತ್ತದೆ, ಅಂದರೆ ಹೊಗೆ ಸೋರುತ್ತದೆ.

ಹಳೆ ಸೈಲೆನ್ಸರನ್ನು ಗ್ರೈಂಡರಿನಿಂದ ಕೊಯ್ದು ನೋಡಿದೆ. ಮೇಲಿನ ಅರ್ಧ ಗಟ್ಟಿ, ಕೆಳಗಿನ ಅರ್ಧ ಬಿಸ್ಕತ್ತಿನ ಹಾಗೆ ಪುಡಿ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಪೈಪಿನಲ್ಲಿ ಹೋಗುತ್ತದೆ. ಮನೆಯಿಂದ ಗದ್ದೆಗೆ ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ. ಆವಿ ಅಲ್ಲೇ ನೀರಾಗಿ ತಳದಲ್ಲಿ ಕೂರುತ್ತದೆ. ಹೊರಗಿನಿಂದ ಗದ್ದೆಯ ಕೆಸರು, ಅದರಲ್ಲಿ ಗೊಬ್ಬರದ ಉಪ್ಪು. ಒಳಗೂ ಹೊರಗೂ ಎರಡೂ ಕಡೆಯಿಂದ ತಿನ್ನುತ್ತದೆ. ಹೊಸ ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ಮೂರು ಮಿ.ಮೀ.ನ ಒಂದು ತೂತು ಹಾಕಿದೆ, ನೀರು ಸೋರಿ ಹೋಗಲಿ ಅಂತ.

ಇನ್ನು ಹೊಸ ಪೈಪು. ಹಳೆಯದರ ಹೊರ ಅಳತೆ ಒಂದು ಮುಕ್ಕಾಲು ಇಂಚು. ಗೆಳೆಯರೆಲ್ಲ ಎರಡೂವರೆ ಇಂಚು ಹಾಕು, ಪಿಕಪ್ ಜಾಸ್ತಿಯಾಗುತ್ತದೆ ಅಂದರು. ಟರ್ಬೊ ಇಲ್ಲದ ಈ ಎಂಜಿನ್‌ಗೆ ಅದು ಬೇಕಿಲ್ಲ. ಜಾಗ ತಿನ್ನುತ್ತದೆ, ಸದ್ದು ಏರುತ್ತದೆ, ಬಂಡೆಗೆ ಬೇಗ ಬಡಿಯುತ್ತದೆ. ನಾನು ಎರಡು ಇಂಚಿಗೆ ನಿಂತೆ. ಗೋಡೆಯ ದಪ್ಪ ಒಂದೂವರೆ ಮಿ.ಮೀ. ಲೆಕ್ಕ ಹಾಕಿದರೆ ಒಳಗಿನ ದಾರಿಯ ವಿಸ್ತೀರ್ಣ ಹಳೆಯದಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚಾಯಿತು. ಅಷ್ಟು ಸಾಕು.

ಲೋಹ ಆರಿಸಲು ತುಂಬಾ ಯೋಚಿಸಿದೆ. ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್‌ಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಮಿಲ್‌ಗೆ ಸ್ಟೇನ್‌ಲೆಸ್ ಕೆಲಸ ಮಾಡುವ ಒಳ್ಳೆಯ ಕೈಗಳು ನಮ್ಮೂರಲ್ಲೇ ಇವೆ. ಆರ್ಗಾನ್ ಅನಿಲದ ವೆಲ್ಡಿಂಗ್ ಮಾಡುವ ಒಬ್ಬ ಹುಡುಗ ಒಪ್ಪಿಕೊಂಡ. ಹಾಗಾಗಿ 304 ದರ್ಜೆಯ ಸ್ಟೇನ್‌ಲೆಸ್ ಅಂತ ಗಟ್ಟಿ ಮಾಡಿದೆ. ಇಲ್ಲಿ ಒಂದು ಎಚ್ಚರಿಕೆ. 304 ಅಂತ ಹೇಳಿ ಬೇಗ ಜಂಗು ಹಿಡಿಯುವ ಅಗ್ಗದ 202 ಕೊಡುವುದುಂಟು. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡಿದರೆ ಗೊತ್ತಾಗುವುದಿಲ್ಲ, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಅದಕ್ಕೇ ಒಂದು ಔಷಧಿ ಸಿಗುತ್ತದೆ. ಒಂದು ಹನಿ ಬಿಟ್ಟು ಸಣ್ಣ ಬ್ಯಾಟರಿ ತಾಗಿಸಿದರೆ, ಮ್ಯಾಂಗನೀಸ್ ಜಾಸ್ತಿ ಇರುವ 202ರ ಮೇಲೆ ಹನಿ ಕೆಂಪಾಗುತ್ತದೆ. ನಾನು ತಂದ ಮೊದಲ ತುಂಡು ಕೆಂಪಾಯಿತು. ವಾಪಸ್ ಕೊಟ್ಟು ಬೇರೆ ತಂದೆ.

ಮೊದಲೆಲ್ಲ ಪೈಪಿನೊಳಗೆ ಒಣ ಮರಳು ತುಂಬಿ, ಕೆಂಪಗೆ ಕಾಯಿಸಿ ಬಾಗಿಸುತ್ತಿದ್ದರು. ಕೈ ಸರಿಯಿಲ್ಲದಿದ್ದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುತ್ತದೆ. ಎರಡು ಇಂಚು ಹಾಕಿಯೂ ತಿರುವಿನಲ್ಲಿ ಒಂದೂವರೆ ಇಂಚಿನ ದಾರಿ ಸಿಕ್ಕರೆ ಏನು ಪ್ರಯೋಜನ, ಅಲ್ವಾ? ನಾನು ರೆಡಿ ಬೆಂಡುಗಳನ್ನು ತಂದು ಬೇಕಾದಷ್ಟು ಕೊಯ್ದು ಜೋಡಿಸಿದೆ. ಗಾಡಿಯ ಕೆಳಗೆ ಬರೀ ಚುಕ್ಕೆ ವೆಲ್ಡ್. ಪೂರ್ತಿ ವೆಲ್ಡಿಂಗ್ ಎಲ್ಲಾ ಹೊರಗೆ ತೆಗೆದು ಬೆಂಚಿನ ಮೇಲೆ. ಬ್ರೇಕ್ ಹೋಸು, ಡೀಸೆಲ್ ಪೈಪುಗಳ ಪಕ್ಕ ಕಿಡಿ ಹಾರಿಸುವುದು ಬೇಡವೇ ಬೇಡ.

ಆ ಹುಡುಗನ ಕೆಲಸ ನೋಡಿ ನನಗೆ ತುಂಬಾ ಖುಷಿಯಾಯಿತು. ಪೈಪಿನ ಎರಡೂ ಬಾಯಿಗೆ ಟೇಪ್ ಸುತ್ತಿ, ಒಂದು ಕಡೆಯಿಂದ ಒಳಗೆ ಆರ್ಗಾನ್ ಬಿಟ್ಟ, ಇನ್ನೊಂದು ಕಡೆ ಸಣ್ಣ ತೂತು. ಏಕಪ್ಪಾ ಅಂತ ಕೇಳಿದೆ. "ಒಳಗ ಗಾಳಿ ಇದ್ರ ವೆಲ್ಡಿಂಗ್ ಹಿಂದುಗಡೆ ಸುಟ್ಟ ಸಕ್ಕರಿ ಆದಂಗ ಆಗತೈತ್ರಿ ಅಣ್ಣಾರ, ಅಲ್ಲೇ ಮುಂದ ಸೀಳತೈತಿ" ಅಂದ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಸೇರಿಸುವಲ್ಲಿ 308 ಎಲ್ ದರ್ಜೆಯ ವೆಲ್ಡಿಂಗ್ ತಂತಿ. ಮ್ಯಾನಿಫೋಲ್ಡಿಗೆ ಕೂರುವ ದಪ್ಪ ಫ್ಲ್ಯಾಂಜು ಸಾದಾ ಕಬ್ಬಿಣದ್ದು, ಅಲ್ಲಿ ಮಾತ್ರ 309 ಎಲ್. ಕಬ್ಬಿಣ ಉಜ್ಜಿದ ಗ್ರೈಂಡರ್ ಕಲ್ಲನ್ನು ಅವನು ಸ್ಟೇನ್‌ಲೆಸ್‌ಗೆ ಮುಟ್ಟಿಸಲಿಲ್ಲ. ಕಲ್ಲಿನಲ್ಲಿ ಸೇರಿದ ಕಬ್ಬಿಣದ ಪುಡಿ ಇಲ್ಲಿ ಅಂಟಿಕೊಂಡು ಜಂಗು ಶುರುವಾಗುತ್ತದಂತೆ.

ಈಗ ಚಾಚಾ ಹೇಳಿದ ಮುಖ್ಯ ಮಾತಿಗೆ ಬರುತ್ತೇನೆ, ಪೈಪನ್ನು ಕಟ್ಟಿ ಹಾಕದೆ ಹಿಡಿಯುವುದು. ಬೆಂಡ್ ಪೈಪು ಮುಗಿದು ನೇರ ಪೈಪು ಶುರುವಾಗುವಲ್ಲಿ ಆರು ಇಂಚಿನ ಫ್ಲೆಕ್ಸ್ ಪೈಪು ಹಾಕಿದೆ, ಹೊರಗೆ ತಂತಿ ಹೆಣಿಗೆ ಇರುವಂಥದ್ದು. ಎಂಜಿನ್‌ನ ಕುಲುಕಾಟ ಅಲ್ಲೇ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಎಲ್ಲವೂ ರಬ್ಬರ್ ರಿಂಗ್‌ಗಳ ಮೇಲೆ ತೂಗುತ್ತದೆ. ಮಾರುತಿ ಓಮ್ನಿಯ ಸೈಲೆನ್ಸರ್ ರಬ್ಬರುಗಳನ್ನೇ ಬಳಸಿದೆ, ಯಾವ ಊರಲ್ಲೂ ಸಿಗುತ್ತವೆ. ಸ್ಟೇನ್‌ಲೆಸ್ ಹಾಕುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಅದು ಸಾದಾ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಎರಡು ಮೀಟರ್ ಪೈಪು ಮುನ್ನೂರು ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಕಬ್ಬಿಣವಾದರೆ ಏಳು ಮಿ.ಮೀ. ಆಸುಪಾಸು. ಆ ಒಂದು ಸೆಂಟಿಮೀಟರಿಗೆ ಜಾಗ ಕೊಡದೆ ಬಿಗಿದರೆ, ದುಬಾರಿ ಪೈಪೂ ಹಳೆಯದರ ಹಾಗೇ ಸೀಳುತ್ತದೆ. ಅದಕ್ಕೇ ರಬ್ಬರು ತಂಪಿನಲ್ಲಿ ಸ್ವಲ್ಪ ಮುಂದಕ್ಕೆ ವಾಲಿರುವ ಹಾಗೆ ಕೊಂಡಿಗಳನ್ನು ಇಟ್ಟೆ. ಕಾದ ಮೇಲೆ ಅವು ನೇರ ನಿಲ್ಲುತ್ತವೆ.

ಪೈಪು ಹೋಗುವ ದಾರಿ ಸರಿ ಇದೆಯಾ ನೋಡಲು ಗಾಡಿಯನ್ನು ಗದ್ದೆ ಬದುವಿನ ಮೇಲೆ ಅಡ್ಡಡ್ಡ ಹತ್ತಿಸಿದೆ. ಒಂದು ಚಕ್ರ ಮೇಲೆ, ಎದುರು ಮೂಲೆಯದು ಕೆಳಗೆ. ಪಟ್ಟಿ ಸ್ಪ್ರಿಂಗು ಪೂರ್ತಿ ಒತ್ತಿಕೊಂಡಾಗಲೂ ಪೈಪಿಗೂ ಆಕ್ಸಲ್‌ಗೂ ಪ್ರೊಪೆಲ್ಲರ್ ಶಾಫ್ಟಿಗೂ (ಆಕ್ಸಲ್ ತಿರುಗಿಸುವ ಉದ್ದ ದಂಡ) ಒಂದು ಇಂಚಿನ ಸಂದಿ ಇರಬೇಕು. ಸಮನೆಲದಲ್ಲಿ ಸರಿ ಕಂಡ ಪೈಪು ಬದುವಿನ ಮೇಲೆ ಒಂದು ಕಡೆ ಆಕ್ಸಲ್‌ಗೆ ತಾಗಿತು. ಆ ಬೆಂಡ್ ಒಂದನ್ನು ಮತ್ತೆ ಕೊಯ್ದು ಮಾಡಿದೆವು. ಬ್ರೇಕ್ ಪೈಪಿನ ಪಕ್ಕ ಒಂದು ತಗಡಿನ ಮರೆ ಕಟ್ಟಿದೆ. ಭತ್ತ ಕೊಯ್ಲಿನ ಮೆಷಿನ್ ಹೋದ ಗದ್ದೆಯಲ್ಲಿ ಓಡಾಡುವವರು ಇನ್ನೊಂದು ಮಾತು ಮರೆಯಬೇಡಿ. ಒಣಹುಲ್ಲು ಪೈಪಿನ ಮೇಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಹೊತ್ತಿಕೊಳ್ಳುತ್ತದೆ. ಗದ್ದೆಯಿಂದ ರಸ್ತೆಗೆ ಬಂದ ಕೂಡಲೇ ಬಗ್ಗಿ ನೋಡುವುದು ನನಗೆ ಈಗ ರೂಢಿ.

ಟೇಲ್ ಪೈಪನ್ನು ಹಿಂದಿನ ಬಾಡಿ ಅಂಚಿನಿಂದ ಎರಡು ಇಂಚು ಹೊರಗೆ ತಂದು, ಪಕ್ಕಕ್ಕೆ ತಿರುಗಿಸಿದೆ. ಬಂಡೆ ಇಳಿಯುವಾಗ ನೆಲಕ್ಕೆ ಬಡಿಯದ ಹಾಗೆ ತುದಿಯನ್ನು ಓರೆಯಾಗಿ ಕೊಯ್ದೆವು.

ಸೈಲೆನ್ಸರ್ ತೆಗೆದು ಖಾಲಿ ಪೈಪು ಹಾಕುವ ಮಾತೇ ಇರಲಿಲ್ಲ. ಕಾನೂನಿನಲ್ಲೂ ಅದಕ್ಕೆ ಜಾಗ ಇಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. ಇಂಥ ಹಳೆ ಡೀಸೆಲ್ ಗಾಡಿಗೆ ಹೊಗೆ ಪರೀಕ್ಷೆಯ ಮಿತಿ 65 ಎಚ್.ಎಸ್.ಯು. (ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಮಾನ). ಪೈಪು ಬದಲಿಸಿದರೆ ಕರಿ ಹೊಗೆ ಹೋಗುತ್ತದೆ ಅಂತ ಯಾರೂ ನಂಬಬೇಡಿ. ಕರಿ ಹೊಗೆ ಬರುವುದು ಡೀಸೆಲ್ ಸಿಂಪಡಿಸುವ ನಾಝಲ್, ಪಂಪು, ಕಟ್ಟಿಕೊಂಡ ಏರ್ ಫಿಲ್ಟರಿನಿಂದ. ನಾನು ನಾಝಲ್‌ಗಳನ್ನು ಮೊದಲೇ ಸರ್ವಿಸ್ ಮಾಡಿಸಿದ್ದೆ. ಪರೀಕ್ಷೆ ಸಲೀಸಾಗಿ ಪಾಸಾಯಿತು.

ಮೊದಲ ಸಲ ಚಾಲೂ ಮಾಡಿದಾಗ ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದೆ. ದಪ್ಪ ಬಟ್ಟೆಯಿಂದ ಟೇಲ್ ಪೈಪನ್ನು ಒಂದು ಕ್ಷಣ ಒತ್ತಿ ಹಿಡಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಫ್ಲ್ಯಾಂಜಿನಲ್ಲಿ ಒಂದು ಕಡೆ ಎದ್ದಿತು, ನಟ್ಟು ಅರ್ಧ ಸುತ್ತು ಬಿಗಿ ಮಾಡಿದ ಮೇಲೆ ನಿಂತಿತು. ನೂರು ಕಿಲೋಮೀಟರ್ ಆದ ಮೇಲೆ ಎಲ್ಲಾ ನಟ್ಟುಗಳನ್ನು ಮತ್ತೆ ಬಿಗಿ ಮಾಡಿದೆ. ಹೊಸ ಪ್ಯಾಕಿಂಗ್ ಬಿಸಿಗೆ ಕೂತುಕೊಳ್ಳುತ್ತದೆ, ಇದನ್ನು ಬಿಟ್ಟರೆ ಅಲ್ಲೇ ಊದಲು ಶುರು. ನಟ್ಟುಗಳು ಹಿತ್ತಾಳೆಯವು, ಮತ್ತೆ ಬಿಚ್ಚುವ ದಿನ ಜಂಗಿನ ಜೊತೆ ಗುದ್ದಾಟ ಇರುವುದಿಲ್ಲ.

ಒಟ್ಟು ಖರ್ಚು ಮೌಂಟಿಂಗ್ ಬಿಟ್ಟು 11,400 ರೂಪಾಯಿ. ಶಕ್ತಿ ಹೆಚ್ಚಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಏರಿನಲ್ಲಿ ಮೂರನೇ ಗೇರು ಸ್ವಲ್ಪ ಹೆಚ್ಚು ಹೊತ್ತು ಎಳೆಯುತ್ತದೆ ಅನಿಸುತ್ತದೆ, ಅಷ್ಟೇ. ಸದ್ದು ಗಟ್ಟಿಯಾಗಿಲ್ಲ, ದಪ್ಪವಾಗಿದೆ. ಗಾಡಿಯೊಳಗೆ ಮಾತಾಡಿದರೆ ಹಿಂದಿನವರಿಗೆ ಕೇಳಿಸುತ್ತದೆ.

ಈ ಸಲ ಮಳೆ ಶುರುವಾದ ಮೇಲೆ ಹುಡ್ಡು ಪೂರ್ತಿ ಇಳಿಸಿ, ಮೊದಲು ನಾನೊಬ್ಬನೇ ಹಿಂದಿನ ಸೀಟಿನಲ್ಲಿ ಕೂತು ತಮ್ಮನ ಕೈಲಿ ಕನಕಗಿರಿವರೆಗೆ ಓಡಿಸಿದೆ. ವಾಸನೆ ಇಲ್ಲ, ತಲೆಭಾರ ಇಲ್ಲ. ಹುಡ್ಡಿನ ಒಳಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ, ಮಸಿ ಹತ್ತಲಿಲ್ಲ. ಮಾರನೇ ದಿನ ಮಗಳನ್ನು ಕರೆದುಕೊಂಡು ಕಂಪ್ಲಿಗೆ ಹೋದೆ. ಬರುವಾಗ ಅವಳು ಹಿಂದೆ ನಿದ್ದೆ ಹೋಗಿದ್ದಳು. ಎರಡು ಸಲ ನಿಲ್ಲಿಸಿ ಎಬ್ಬಿಸಿ ಕೇಳಿದೆ. "ಏನಾಗಿಲ್ಲಪ್ಪಾ, ಬಿಡು" ಅಂತ ಮತ್ತೆ ಮಲಗಿದಳು.