ಹಳೆ ಅಂಬಾಸಿಡರ್ ಹೆಡ್‌ಗೆ ವಾಲ್ವ್ ಆರಿಸುವುದು ಹೇಗೆ

ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚುವ ಮೊದಲೇ ವಾಲ್ವ್ ಸೆಟ್ ಕೊಂಡುಬಿಡುವವರೇ ಜಾಸ್ತಿ. ಮೈಸೂರಿನ ನಮ್ಮ ಶೆಡ್ಡಿಗೆ ಬಂದು, "ಅಣ್ಣಾ, ಎಂಟೂ ತಂದಿದ್ದೀನಿ, ಹಾಕಿಕೊಡಿ" ಅಂತ ಡಬ್ಬ ಇಡುತ್ತಾರೆ. ನಾನು ಡಬ್ಬ ಪಕ್ಕಕ್ಕಿಟ್ಟು ಮೊದಲು ಹೆಡ್ ನೋಡುತ್ತೇನೆ. ಗೈಡ್ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ಎಷ್ಟು ಸವೆದಿದೆ, ಸೀಟ್ (ವಾಲ್ವ್ ತಲೆ ಕೂರುವ ಜಾಗ) ಎಷ್ಟು ಕೆಳಗೆ ಹೋಗಿದೆ, ಕಾರು ಎಲ್ಲಿ ಎಷ್ಟು ಓಡುತ್ತದೆ. ಈ ಮೂರು ಗೊತ್ತಾದ ಮೇಲೆ ಅಂಗಡಿಗೆ ಹೋಗಬೇಕು.

ನಾನು ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಅದು ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಅಂಬಾಸಿಡರ್‌ಗೆ ಇದೇ 1489 ಸಿಸಿಯ ಡೀಸೆಲ್ ಕೂಡ ಬಂತು, ಆಮೇಲೆ 1.8 ಲೀಟರ್ ಇಸುಜು ಪೆಟ್ರೋಲ್ ಬಂತು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿಂತು ಸುಮ್ನೆ "ಅಂಬಾಸಿಡರ್ ವಾಲ್ವ್ ಕೊಡಿ" ಅಂದರೆ ಸಾಲದು. ಪೆಟ್ರೋಲ್-ಗಾಳಿ ಒಳಗೆ ಬಿಡುವ ಹಳೆ ಇನ್‌ಲೆಟ್ ವಾಲ್ವ್ ಒಂದು, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಒಂದು ಜೇಬಿನಲ್ಲಿರಲಿ. ಎಂಜಿಬಿ ಕಾರಿನದೂ ಬಿ-ಸೀರೀಸ್ ಎಂಜಿನ್ನೇ, ಆದರೆ ಅದರ ವಾಲ್ವ್ ತಲೆ ದೊಡ್ಡದು. ವಿದೇಶದಿಂದ ತರಿಸುವವರು ಇದನ್ನು ಮರೆಯಬೇಡಿ.

ಬಿಚ್ಚುವಾಗಲೇ ಒಂದು ಎಚ್ಚರ ಬೇಕು. ವಾಲ್ವನ್ನು ಒತ್ತುವ ರಾಕರ್ ಬಡಿದು ಬಡಿದು ವಾಲ್ವ್ ತುದಿ ಸ್ವಲ್ಪ ಅಗಲ ಆಗಿರುತ್ತದೆ, ಸ್ಪ್ರಿಂಗ್ ಹಿಡಿದಿಡುವ ಎರಡು ತುಂಡಿನ ಲಾಕ್ ಕೂರುವ ತೋಡಿನ ಅಂಚು ಮೊನಚಾಗಿರುತ್ತದೆ. ಹಾಗೇ ಎಳೆದರೆ ಅದು ಗೈಡ್ ಒಳಗೆ ಉದ್ದಕ್ಕೂ ಗೆರೆ ಹಾಕುತ್ತಾ ಬರುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಬೆರಳಿನಿಂದ ತುದಿ ಸವರಿ ನೋಡಿ. ತಡೆದರೆ ಎಣ್ಣೆಕಲ್ಲಿನಿಂದ ಸುತ್ತ ಉಜ್ಜಿ ನಯ ಮಾಡಿ, ಪುಡಿ ಒರೆಸಿ, ಆಮೇಲೆ ವಾಲ್ವ್ ಇಳಿಸಿ. ಒಂದು ರಟ್ಟಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ಬಂದ ಸಾಲಿನಲ್ಲೇ ಚುಚ್ಚಿಡಿ.

ಆ ರಟ್ಟನ್ನು ಬೆಳಕಿಗೆ ಹಿಡಿದರೆ ಅರ್ಧ ಕಥೆ ಅಲ್ಲೇ ಇರುತ್ತದೆ. ವಾಲ್ವ್ ಮುಖದ (ಸೀಟಿಗೆ ತಾಗುವ ಓರೆ ಅಂಚಿನ) ಸುತ್ತ ಬಿಳಿಚಿದ ಒಂದೇ ಸಮನಾದ ಬಳೆ ಕಂಡರೆ ಅದು ಚೆನ್ನಾಗಿ ಕೂತಿತ್ತು ಅಂತ. ಬಳೆಯನ್ನು ಅಡ್ಡ ಕತ್ತರಿಸಿ ಕಪ್ಪು ಗೆರೆ ಹೋಗಿದ್ದರೆ ಅಲ್ಲಿ ಲೀಕ್. ಆ ಗೆರೆಯೇ ಮುಂದೆ ಸುಟ್ಟು ಕಚ್ಚಾಗುತ್ತದೆ. ಇನ್‌ಲೆಟ್ ವಾಲ್ವ್ ಬೆನ್ನಿಗೆ ದಪ್ಪಗೆ ಡಾಂಬರಿನಂಥ ಕಪ್ಪು ಹತ್ತಿದ್ದರೆ ಗೈಡ್ ಮೂಲಕ ಎಣ್ಣೆ ಇಳಿದಿದೆ. ಈ ಹೆಡ್‌ನಲ್ಲಿ ಎರಡು ಮತ್ತು ಮೂರನೇ ಸಿಲಿಂಡರ್‌ಗಳಿಗೆ ಎಕ್ಸಾಸ್ಟ್ ದಾರಿ ಒಂದೇ. ಹಾಗಾಗಿ ನಡುವಿನ ಆ ಎರಡು ಎಕ್ಸಾಸ್ಟ್ ವಾಲ್ವ್‌ಗಳಿಗೆ ಬಿಸಿ ಜಾಸ್ತಿ. ಮೊದಲು ಅವನ್ನೇ ನೋಡಿ. ಅವುಗಳ ನಡುವಿನ ಬೀಡಿನಲ್ಲಿ (ಹೆಡ್‌ನ ಎರಕದ ಕಬ್ಬಿಣದಲ್ಲಿ) ಬಿರುಕು ಇದೆಯಾ ಅಂತ ಬಣ್ಣದ ಡೈ ಹಾಕಿ ಪರೀಕ್ಷೆ ಮಾಡಿಸಿ. ಬಿರುಕು ಬಿಟ್ಟ ಹೆಡ್‌ಗೆ ಹೊಸ ವಾಲ್ವ್ ಹಾಕಿದರೆ ದುಡ್ಡು ನೀರುಪಾಲು.

ಇನ್ನು ಅಳತೆ. ಮೈಕ್ರೋಮೀಟರ್‌ನಿಂದ ಸ್ಟೆಮ್ಮನ್ನು, ಅಂದರೆ ವಾಲ್ವ್ ಕಡ್ಡಿಯನ್ನು, ಮೂರು ಕಡೆ ಅಳೆಯಿರಿ: ಲಾಕ್‌ನ ಕೆಳಗೆ, ನಡುವೆ, ತಲೆಯ ಹತ್ತಿರ. ಗೈಡ್ ಒಳಗೆ ಓಡಾಡದ ಜಾಗದಲ್ಲಿ ಮೂಲ ಅಳತೆ ಉಳಿದಿರುತ್ತದೆ, ಅದಕ್ಕೂ ಸವೆದ ಜಾಗಕ್ಕೂ ನಡುವಿನ ಮೆಟ್ಟಿಲು ಉಗುರಿಗೆ ಸಿಗುತ್ತದೆ. ಸ್ಟೆಮ್ ಮತ್ತು ಗೈಡ್ ನಡುವೆ ಇನ್‌ಲೆಟ್‌ಗೆ ಒಂದೂವರೆಯಿಂದ ಎರಡೂವರೆ ಥೌ, ಎಕ್ಸಾಸ್ಟ್‌ಗೆ ಎರಡರಿಂದ ಮೂರು ಥೌ ಸಡಿಲ ಇರಲಿ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ಹತ್ತಿರಹತ್ತಿರ 0.025 ಮಿ.ಮೀ. ಗೈಡ್ ಬಾಯಿ ಮೊಟ್ಟೆಯಾಕಾರ ಆಗಿದ್ದರೆ ಎಷ್ಟು ಒಳ್ಳೆಯ ವಾಲ್ವ್ ತಂದರೂ ಅದು ಓರೆಯಾಗೇ ಕೂರುತ್ತದೆ. ಗೈಡ್ ಬದಲಿಸಿ. ತೆಗೆಯುವ ಮೊದಲು ಹಳೆಯದು ಎಷ್ಟು ಮೇಲೆ ಚಾಚಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ.

ಹಳೆ ವಾಲ್ವನ್ನೇ ಗ್ರೈಂಡ್ ಮಾಡಿಸಿ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಬಹುದು, ತಲೆಯ ಅಂಚಿನಲ್ಲಿ ದಪ್ಪ ಉಳಿದಿದ್ದರೆ. ಗ್ರೈಂಡ್ ಆದ ಮೇಲೆ ಆ ಅಂಚು 0.8 ಮಿ.ಮೀ.ಗಿಂತ ತೆಳ್ಳಗಾದರೆ ಬೇಡ. ತೆಳ್ಳಗಿನ ಅಂಚು ಕೆಂಪಗೆ ಕಾದು ಬೇಗ ಸುಡುತ್ತದೆ. ಇನ್‌ಲೆಟ್ ಎಷ್ಟೋ ಸಲ ಉಳಿಯುತ್ತದೆ. ಎಕ್ಸಾಸ್ಟ್ ಮಾತ್ರ ನಾನು ಹೊಸದೇ ಹಾಕಿಸುತ್ತೇನೆ, ಅದರಲ್ಲಿ ಉಳಿತಾಯ ಮಾಡಲು ನನಗೆ ಮನಸ್ಸಿಲ್ಲ.

ಈಗ ಲೋಹದ ವಿಷಯ. ಇನ್‌ಲೆಟ್ ವಾಲ್ವ್ ಪ್ರತಿ ಸಲವೂ ತಣ್ಣನೆಯ ಪೆಟ್ರೋಲ್-ಗಾಳಿಯಿಂದ ತಂಪಾಗುತ್ತದೆ, ಅದಕ್ಕೆ ಕ್ರೋಮ್-ಸಿಲಿಕಾನ್ ಉಕ್ಕು ಸಾಕು. ಎಕ್ಸಾಸ್ಟ್‌ಗೆ ನಾನು ಕೇಳುವುದು 21-4ಎನ್ ಅನ್ನುವ ಉಕ್ಕು. ಅದರಲ್ಲಿ ನೂರಕ್ಕೆ 21 ಪಾಲು ಕ್ರೋಮಿಯಂ, 4 ಪಾಲು ನಿಕ್ಕಲ್. ಬಿಸಿಯಲ್ಲೂ ಗಟ್ಟಿತನ ಬಿಡುವುದಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಲು ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಳ್ಳಿ. 21-4ಎನ್‌ಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕ್ರೋಮ್-ಸಿಲಿಕಾನ್‌ಗೆ ಟಕ್ ಅಂತ ಹಿಡಿಯುತ್ತದೆ. ತಲೆಗೆ ಹಿಡಿಯದೆ ಸ್ಟೆಮ್‌ಗೆ ಹಿಡಿದರೆ ಗಾಬರಿ ಬೇಡ, ಅದು ಎರಡು ಉಕ್ಕು ಬೆಸೆದು ಮಾಡಿದ ವಾಲ್ವ್, ಅದೂ ಒಳ್ಳೆಯದೇ. ಎಕ್ಸಾಸ್ಟ್ ವಾಲ್ವ್‌ನ ತಲೆಗೇ ಮ್ಯಾಗ್ನೆಟ್ ಹಿಡಿದರೆ ಮಾತ್ರ ವಾಪಸ್ ಕೊಡಿ.

21-4ಎನ್‌ಗೂ ಕೆಲವು ಸ್ವಭಾವಗಳಿವೆ. ಮಾಮೂಲಿ ವಾಲ್ವ್ ಉಕ್ಕಿಗಿಂತ ಅದು ಬಿಸಿಗೆ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಹಾಗಾಗಿ ಗೈಡ್‌ನಲ್ಲಿ ಬಿಗಿ ಇಡಬಾರದು. ಬರೀ ಮೈ ಬೀಡಿನ ಗೈಡ್‌ಗೆ ಉಜ್ಜಿದರೆ ಕಚ್ಚಿಕೊಳ್ಳುತ್ತದೆ, ಸ್ಟೆಮ್‌ಗೆ ಹಾರ್ಡ್ ಕ್ರೋಮ್ ಲೇಪ ಇರಲೇಬೇಕು. ಕಾಯಿಸಿ ಹದ ಕೊಟ್ಟರೂ ಅದು ಗಟ್ಟಿಯಾಗುವುದಿಲ್ಲ. ಅದಕ್ಕೇ ರಾಕರ್ ಬಡಿಯುವ ತುದಿಯಲ್ಲಿ ಬೇರೆ ಗಟ್ಟಿ ಲೋಹ ಕೂರಿಸಿರುತ್ತಾರೆ. ತುದಿಯ ಹತ್ತಿರ ಬೆಸುಗೆಯ ಸಣ್ಣ ಗೆರೆ ಕಾಣುತ್ತದಾ ನೋಡಿ. ಅನುಮಾನ ಬಂದರೆ ಬದಿಯಲ್ಲಿ ಒಂದು ಸಣ್ಣ ಅರ ಆಡಿಸಿ: ಹತ್ತದೆ ಜಾರಬೇಕು.

ಇನ್ನೊಂದು ದೊಡ್ಡ ಪ್ರಶ್ನೆ ಸೀಟ್. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಸೀಸ ಎಕ್ಸಾಸ್ಟ್ ಸೀಟಿನ ಮೇಲೆ ತೆಳು ಪದರವಾಗಿ ಕೂತು ಬೀಡನ್ನು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಆ ಪೆಟ್ರೋಲ್ ನಿಂತಿತು. ಒಳ್ಳೆಯದೇ ಆಯಿತು, ಮಕ್ಕಳ ಮೈಗೆ ಹೋಗುತ್ತಿದ್ದ ವಿಷ ಅದು. ಆದರೆ ಪದರ ಇಲ್ಲದೆ, ಎಂಜಿನ್ ಜೋರಾಗಿ ಓಡಿದಾಗ ಬೀಡಿನ ಸೀಟ್ ವಾಲ್ವ್‌ಗೆ ಅಂಟಿ ಅಂಟಿ ಕಿತ್ತು ಬರುತ್ತದೆ. ವಾಲ್ವ್ ನಿಧಾನವಾಗಿ ಒಳಗೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಸಂದು) ಕಡಿಮೆ ಆಗುತ್ತದೆ.

ಟ್ಯಾಪೆಟ್ ಸದ್ದು ಕಡಿಮೆ ಆಯಿತು ಅಂತ ಖುಷಿಪಡಬೇಡಿ. ಗ್ಯಾಪ್ ಪೂರ್ತಿ ಮುಚ್ಚಿದರೆ ವಾಲ್ವ್ ಸೀಟ್ ಮೇಲೆ ಕೂರುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್‌ನ ಬಿಸಿಯಲ್ಲಿ ಮುಕ್ಕಾಲು ಪಾಲು ಹೊರಗೆ ಹೋಗುವುದು ಸೀಟ್ ಮೂಲಕ. ಆ ದಾರಿ ಮುಚ್ಚಿದರೆ ವಾಲ್ವ್ ಸುಡಲೇಬೇಕು.

ಇದಕ್ಕೆ ಮದ್ದು ಅಂತ ಸ್ಟೆಲೈಟ್ ಅನ್ನುವ ತುಂಬಾ ಗಟ್ಟಿ ಮಿಶ್ರಲೋಹದ ಮುಖದ ದುಬಾರಿ ವಾಲ್ವ್ ಮಾರುತ್ತಾರೆ. ಸವೆಯುತ್ತಿರುವುದು ಸೀಟ್ ಅಲ್ವಾ? ಮೆತ್ತಗಿನ ಬೀಡಿಗೆ ಇನ್ನೂ ಗಟ್ಟಿ ವಾಲ್ವ್ ಬಡಿದರೆ ಸೀಟ್ ಉಳಿಯುವುದಿಲ್ಲ. ಅಲ್ಲಿ ಬೇಕಾದ್ದು ಗಟ್ಟಿ ಲೋಹದ ಸೀಟ್ ರಿಂಗ್, ಅದೂ ಎಕ್ಸಾಸ್ಟ್ ನಾಲ್ಕಕ್ಕೆ. ಅದರ ಮೇಲೆ 21-4ಎನ್ ವಾಲ್ವ್ ಚೆನ್ನಾಗಿ ಬಾಳುತ್ತದೆ. ಎಲ್ಲರಿಗೂ ಇದು ಬೇಕು ಅಂತ ನಾನು ಹೇಳುವುದಿಲ್ಲ. ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವ ಕಾರಿಗೆ, ಸೀಟ್ ಚೆನ್ನಾಗಿದ್ದರೆ, ಮುಟ್ಟಬೇಡಿ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸುವವರು ಹಾಕಿಸಿ. ರಿಂಗ್‌ಗೆ ಜಾಗ ಕೊರೆಯುವಾಗ ಒಳಗಿನ ನೀರಿನ ದಾರಿ ತೂತಾಗುವ ಅಪಾಯ ಇದೆ, ಈ ಕೆಲಸ ಗೊತ್ತಿರುವ ಲೇತ್ ಶಾಪ್‌ನಲ್ಲೇ ಮಾಡಿಸಿ. ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಅದರ ಹೆಡ್ ಅಲ್ಯೂಮಿನಿಯಂ, ಸೀಟ್ ರಿಂಗ್ ಮೊದಲಿಂದಲೇ ಇದೆ. ಅದು ಸಡಿಲ ಆಗಿಲ್ಲವಾ ಅಂತ ನೋಡಿದರಾಯಿತು.

ಹೊಸ ವಾಲ್ವ್ ಕೈಗೆ ಬಂದ ಮೇಲೆ ಹಳೆಯದರ ಪಕ್ಕ ಇಡಿ. ಒಟ್ಟು ಉದ್ದ, ತಲೆಯ ಅಗಲ, ಸ್ಟೆಮ್ ದಪ್ಪ, ಲಾಕ್‌ನ ತೋಡು ತುದಿಯಿಂದ ಎಷ್ಟು ಕೆಳಗಿದೆ, ಎಲ್ಲ ಹೊಂದಬೇಕು. ಹಳೆ ಲಾಕನ್ನೇ ತೋಡಿಗೆ ಕೂರಿಸಿ ನೋಡಿ: ಎರಡು ತುಂಡಿನ ನಡುವೆ ಸಣ್ಣ ಸಂದು ಇರಬೇಕು, ಲಾಕ್ ಮೇಲೆ ಕೆಳಗೆ ಆಡಬಾರದು. ವಿ-ಬ್ಲಾಕ್ ಮೇಲಿಟ್ಟು, ಮುಖಕ್ಕೆ ಡಯಲ್ ಗೇಜ್ ತಾಗಿಸಿ ತಿರುಗಿಸಿ. ಮುಳ್ಳು ಎರಡು ಥೌಗಿಂತ ಜಾಸ್ತಿ ಆಡಿದರೆ ಆ ವಾಲ್ವ್ ಬೇಡ. ಹಳೆ ಸ್ಟಾಕ್ ಸಿಕ್ಕರೆ ಎಣ್ಣೆ ಕಾಗದ ಪೂರ್ತಿ ಬಿಚ್ಚಿ ಸ್ಟೆಮ್ ನೋಡಿ. ತುಕ್ಕಿನ ಚುಕ್ಕೆ ಇದ್ದರೆ ಅದು ಗೈಡನ್ನು ತಿನ್ನುತ್ತದೆ.

ಕೆಲಸದ ಕ್ರಮ ಮುಖ್ಯ. ಹೊಸ ಗೈಡ್ ಹಾಕಿ, ಕೈಯಲ್ಲಿರುವ ವಾಲ್ವ್‌ನ ಸ್ಟೆಮ್ ಅಳೆದು, ಅದಕ್ಕೆ ತಕ್ಕ ಹಾಗೆ ಗೈಡ್ ತೂತನ್ನು ರೀಮ್ ಮಾಡಿಸಿ, ಅಂದರೆ ಅಳತೆಗೆ ಸರಿಯಾಗಿ ಕೊರೆಸಿ. ಗೈಡ್ ಬದಲಾದರೆ ಸೀಟಿನ ನಡುಬಿಂದು ಕದಲಿರುತ್ತದೆ, ಆದ್ದರಿಂದ ಸೀಟ್ ಕಟಿಂಗ್ ಅದಾದ ಮೇಲೆಯೇ. ಕೋನ 45 ಡಿಗ್ರಿ. ವಾಲ್ವ್ ತಾಗುವ ಪಟ್ಟಿ ಇನ್‌ಲೆಟ್‌ಗೆ ಒಂದೂವರೆ ಮಿ.ಮೀ., ಎಕ್ಸಾಸ್ಟ್‌ಗೆ ಎರಡರ ಹತ್ತಿರ ಇರಲಿ. ವಾಲ್ವ್ ಮುಖಕ್ಕೆ ಪೆನ್ಸಿಲ್‌ನಿಂದ ಅಡ್ಡಗೆರೆಗಳನ್ನು ಹಾಕಿ, ಸೀಟಿನ ಮೇಲಿಟ್ಟು ಕಾಲು ಸುತ್ತು ತಿರುಗಿಸಿ. ಎಲ್ಲ ಗೆರೆಯೂ ಒಂದೇ ಎತ್ತರದಲ್ಲಿ ತುಂಡಾಗಿರಬೇಕು. ಗ್ರೈಂಡಿಂಗ್ ಪೇಸ್ಟ್ ಕೊನೆಯ ಮೆರುಗಿಗೆ ಮಾತ್ರ. ಜಾಸ್ತಿ ಉಜ್ಜಿದರೆ ಮುಖದಲ್ಲಿ ಹಳ್ಳ ಬೀಳುತ್ತದೆ.

ಸೀಟ್ ಕತ್ತರಿಸಿದಷ್ಟೂ ವಾಲ್ವ್ ತುದಿ ಮೇಲೆ ಬರುತ್ತದೆ, ಸ್ಪ್ರಿಂಗ್ ಸಡಿಲ ಆಗುತ್ತದೆ. ಅಷ್ಟು ದಪ್ಪದ ವಾಷರ್ ಸ್ಪ್ರಿಂಗ್ ಕೆಳಗೆ ಹಾಕಿ. ಲಾಕ್ ಕೂರಿಸುವ ಮುಂಚೆ ಅದರ ಕೆಳಗಿನ ರಬ್ಬರ್ ರಿಂಗ್ ಹೊಸದು ಹಾಕಿ, ಮೊದಲು ಎಣ್ಣೆಯಲ್ಲಿ ನೆನೆಸಿ. ಹೆಡ್ ಮಗುಚಿ ಚೇಂಬರ್‌ಗೆ ಸೀಮೆಎಣ್ಣೆ ಸುರಿದು, ಪೋರ್ಟ್ ಒಳಗೆ ಒದ್ದೆ ಆಗುತ್ತದಾ ಅಂತ ಕಾಯಿರಿ.

ಹೆಡ್ ಕೂರಿಸಿದ ಮೇಲೆ ಟ್ಯಾಪೆಟ್ ಗ್ಯಾಪ್ 15 ಥೌಗೆ ಇಡಿ. 500 ಕಿ.ಮೀ. ಓಡಿದ ಮೇಲೆ ಹೆಡ್ ನಟ್ ಬಿಗಿ ನೋಡಿ, ಮತ್ತೆ ಎಂಟೂ ಗ್ಯಾಪ್ ಅಳೆದು ಒಂದು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಪ್ರತಿ ಸರ್ವಿಸ್‌ನಲ್ಲೂ, ಸರಿಮಾಡುವ ಮೊದಲು, ಇದ್ದ ಗ್ಯಾಪ್ ಬರೆದುಕೊಳ್ಳಿ. ಒಂದೇ ಎಕ್ಸಾಸ್ಟ್‌ನ ಗ್ಯಾಪ್ ಮತ್ತೆ ಮತ್ತೆ ಕಡಿಮೆ ಆಗುತ್ತಿದ್ದರೆ ಆ ಸೀಟ್‌ಗೆ ರಿಂಗ್ ಬೇಕು.